ಬೋವಾಗೆ ಎಷ್ಟು ದೊಡ್ಡ ಗೂಡು ಬೇಕು? ಜೊತೆಗೆ ಹೆಬ್ಬಾವನ್ನೂ ಇಡಬಹುದೇ?

ಪ್ರಶ್ನೆ: ನಮ್ಮಲ್ಲಿ ಮೂರು ವರ್ಷದ ಹೆಣ್ಣು ಬೋವಾ ಕನ್‌ಸ್ಟ್ರಿಕ್ಟರ್ ಇದೆ. ಈಗ ಸುಮಾರು 6 ಅಡಿ ಉದ್ದ. ಅದನ್ನು 4 ಅಡಿಯ ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೇವೆ, ಮೇಲೆ ತಂತಿ ಜಾಲರಿಯ ಮುಚ್ಚಳವಿದೆ. ಎರಡು ತಿಂಗಳಿಂದ ಅದು ರಾತ್ರಿಯಿಡೀ ಮೂತಿಯನ್ನು ಜಾಲರಿಗೆ ಉಜ್ಜುತ್ತಿದೆ. ಮೂತಿಯ ತುದಿ ಕೆಂಪಾಗಿದೆ. ಹೋದ ಸಲ ಪೊರೆ ಇಡಿಯಾಗಿ ಬರದೆ ಚೂರುಚೂರಾಗಿ ಬಂತು. ಹಳೆಯ ಬಟ್ಟೆಯ ಬೀರು ಒಂದಿದೆ, ಅದನ್ನೇ ಗೂಡು ಮಾಡೋಣ ಎಂದುಕೊಂಡಿದ್ದೇನೆ. ಆದರೆ ಹಾವು ಸಾಕಿ ಅನುಭವವಿರುವ ಗೆಳೆಯರೊಬ್ಬರು "ದೊಡ್ಡ ಗೂಡಿಗೆ ಹಾಕಿದರೆ ಹಾವು ಹೆದರಿ ಊಟ ಬಿಡುತ್ತದೆ, ಚಿಕ್ಕದರಲ್ಲೇ ಇಟ್ಟರೆ ಜಾಸ್ತಿ ಬೆಳೆಯುವುದೂ ಇಲ್ಲ" ಅನ್ನುತ್ತಾರೆ. ಅವರು ದೇಶ ಬಿಟ್ಟು ಹೋಗುತ್ತಿರುವುದರಿಂದ ತಮ್ಮ 9 ಅಡಿಯ ಬರ್ಮೀಸ್ ಹೆಬ್ಬಾವನ್ನೂ ನನಗೇ ಕೊಡುತ್ತೇನೆ ಎಂದಿದ್ದಾರೆ. ದೊಡ್ಡ ಗೂಡು ಮಾಡಿಸಿ ಎರಡನ್ನೂ ಒಟ್ಟಿಗೆ ಇಡಬಹುದೇ? ಮನೆಯಲ್ಲಿ 7 ಮತ್ತು 10 ವರ್ಷದ ಮಕ್ಕಳಿದ್ದಾರೆ.

ಉತ್ತರ: ನೀವು ಕೇಳಿದ್ದರಲ್ಲಿ ಮೂರು ಚಿಂತೆಗಳಿವೆ. ಬೋವಾದ ಮೂತಿ ಏಕೆ ಹೀಗಾಯಿತು, ಅದಕ್ಕೆ ಎಂಥ ಗೂಡು ಮಾಡಿಸಬೇಕು, ಹೆಬ್ಬಾವನ್ನು ಒಪ್ಪಿಕೊಳ್ಳಬೇಕೋ ಬೇಡವೋ. ಮೊದಲೆರಡಕ್ಕೆ ಒಳ್ಳೆಯ ದಾರಿಗಳಿವೆ. ಮೂರನೆಯದಕ್ಕೆ ನನ್ನ ಉತ್ತರ ಬೇಡ ಎಂದೇ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೂತಿ ಉಜ್ಜುವುದು ಹಾವಿನ ಹುಚ್ಚಾಟವಲ್ಲ. ಅದು ಹೊರಹೋಗಲು ದಾರಿ ಹುಡುಕುತ್ತಿದೆ. ಜಾಗ ಸಾಲದಿದ್ದರೆ, ಒಳಗೆ ಸೆಕೆ ಹೆಚ್ಚಿದ್ದರೆ, ಬಚ್ಚಿಟ್ಟುಕೊಳ್ಳಲು ಮರೆಯಿಲ್ಲದಿದ್ದರೆ ಹೀಗೆ ಮಾಡುತ್ತದೆ. ಸಂತಾನದ ಕಾಲದಲ್ಲೂ ಕೆಲವು ಹಾವುಗಳು ಹೀಗೆ ಅಲೆಯುತ್ತವೆ. ನಿಮ್ಮ ವಿಷಯದಲ್ಲಿ ನನ್ನ ಕಣ್ಣು ಹೋಗುವುದು ಆ ಮುಚ್ಚಳದ ಕಡೆಗೆ. ಕಾದ ಗಾಳಿ ಮೇಲೇರುತ್ತದೆ, ಜಾಲರಿಯ ಮೂಲಕ ತೇವವನ್ನೂ ಹೊತ್ತುಕೊಂಡು ಹೊರಗೆ ಹೋಗುತ್ತದೆ. ಕೆಳಗೆ ಉಳಿಯುವುದು ಒಣ ಗಾಳಿ. ಆ ಒಣ ಗಾಳಿಯಲ್ಲಿ ಪೊರೆ ಹರಿದು ಚೂರಾಗುತ್ತದೆ. ಅದೇ ಜಾಲರಿಯ ತಂತಿ ಮೂತಿಯನ್ನು ಅರದಂತೆ ಕೆರೆಯುತ್ತದೆ. ನೀವು ಬೇರೆ ಬೇರೆ ಎಂದುಕೊಂಡ ಎರಡು ತೊಂದರೆಗಳ ಮೂಲ ಒಂದೇ ಇರುವ ಸಂಭವ ಹೆಚ್ಚು.

ಹೊಸ ಗೂಡು ಸಿದ್ಧವಾಗುವವರೆಗೆ ಕಾಯಬೇಡಿ. ಜಾಲರಿಯ ಮುಕ್ಕಾಲು ಭಾಗಕ್ಕೆ ಒಳಗಿನಿಂದ ನುಣುಪಾದ ಅಕ್ರಿಲಿಕ್ ಅಥವಾ ಪಿವಿಸಿ ಹಾಳೆ ಕೂರಿಸಿ. ಬಿಸಿ ದೀಪ ಜಾಲರಿಯ ಮೇಲಿದ್ದರೆ ಅದರ ಕೆಳಗಿನ ಜಾಗವನ್ನು ಮಾತ್ರ ಬಿಟ್ಟುಬಿಡಿ. ತೊಟ್ಟಿಯ ಮೂರು ಬದಿಗೆ ಹೊರಗಿನಿಂದ ದಪ್ಪ ಕಾಗದ ಅಂಟಿಸಿ. ಮೂತಿ ಬರೀ ಕೆಂಪಾಗಿದ್ದರೆ ಉಜ್ಜುವುದು ನಿಂತ ಮೇಲೆ ಎರಡು ಮೂರು ಪೊರೆಯಲ್ಲಿ ಸರಿಹೋಗುತ್ತದೆ. ಹುರುಪೆ ಕಿತ್ತು ಮಾಂಸ ಕಾಣುತ್ತಿದ್ದರೆ, ತುಟಿಯ ಅಂಚು ಊದಿದ್ದರೆ, ಬಾಯಲ್ಲಿ ಅಂಟಂಟಾದ ಲೋಳೆ ಇದ್ದರೆ ಸರೀಸೃಪ ನೋಡುವ ಪಶುವೈದ್ಯರಿಗೆ ಬೇಗ ತೋರಿಸಿ. ಗಾಯದಿಂದ ಸೋಂಕು ಬಾಯೊಳಗೆ ಇಳಿದರೆ ದವಡೆಯ ಮೂಳೆಯವರೆಗೂ ಹೋಗುತ್ತದೆ. ಕಣ್ಣಿನ ಮೇಲೆ ಹಳೆಯ ಪೊರೆಯ ಮುಚ್ಚಿಗೆ ಉಳಿದಿದೆಯೇ ನೋಡಿಕೊಳ್ಳಿ. ಉಳಿದಿದ್ದರೆ ನೀವೇ ಕೀಳಲು ಹೋಗಬೇಡಿ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ.

ಗೂಡು ಚಿಕ್ಕದಾದರೆ ಹಾವು ಚಿಕ್ಕದಾಗಿಯೇ ಉಳಿಯುತ್ತದೆ ಎಂಬುದು ಶುದ್ಧ ಸುಳ್ಳು. ಹಾವಿನ ಬೆಳವಣಿಗೆಯನ್ನು ನಿರ್ಧರಿಸುವುದು ಅದರ ಜಾತಿ, ವಂಶ, ಗಂಡೋ ಹೆಣ್ಣೋ ಎಂಬುದು, ತಿನ್ನುವ ಪ್ರಮಾಣ ಮತ್ತು ಸಿಗುವ ಶಾಖ. ಗೋಡೆ ಎಲ್ಲಿದೆ ಎಂಬುದು ಅದರ ಮೂಳೆಗೆ ತಿಳಿಯುವುದಿಲ್ಲ. ಇಕ್ಕಟ್ಟಿನಲ್ಲಿಟ್ಟ ಹಾವು ಚಿಕ್ಕದಾಗಿ ಉಳಿದಿದೆ ಎಂದರೆ ಅದಕ್ಕೆ ಊಟ ಸಾಲುತ್ತಿಲ್ಲ ಅಥವಾ ಮೈಯಲ್ಲಿ ಕಾಯಿಲೆಯಿದೆ ಎಂದರ್ಥ. ನನ್ನ ಬಳಿ ಬರುವ ಇಕ್ಕಟ್ಟಿನ ಹಾವುಗಳ ಅವಸ್ಥೆ ಹೆಚ್ಚಾಗಿ ಇದಕ್ಕೆ ತದ್ವಿರುದ್ಧ. ಹರಿದಾಡಲು ಜಾಗವಿಲ್ಲದೆ ಕೊಬ್ಬಿ, ಬೆನ್ನಿನ ಸ್ನಾಯು ಸೊರಗಿ, ವಾರಗಟ್ಟಲೆ ಮಲ ಕಟ್ಟಿಕೊಂಡು ಬಂದಿರುತ್ತವೆ. ಹೆಣ್ಣು ಬೋವಾ ಸಾಮಾನ್ಯವಾಗಿ 6ರಿಂದ 8 ಅಡಿ ಬೆಳೆಯುತ್ತದೆ. ಕೆಲವು 10 ಅಡಿ ಮುಟ್ಟುವುದೂ ಉಂಟು. ಮೂರು ವರ್ಷಕ್ಕೇ 6 ಅಡಿಯಾಗಿರುವ ನಿಮ್ಮದು ಇನ್ನೂ ಬೆಳೆಯುತ್ತದೆ ಎಂದೇ ಲೆಕ್ಕ ಹಾಕಿ.

ದೊಡ್ಡ ಗೂಡಿನಲ್ಲಿ ಹೆದರುತ್ತದೆ ಎಂಬ ಮಾತಿನಲ್ಲಿ ಒಂದು ಎಳೆ ನಿಜವಿದೆ. ಮರಿಹಾವನ್ನು ಬಟಾಬಯಲಿನಂಥ ಪೆಟ್ಟಿಗೆಗೆ ಬಿಟ್ಟರೆ ಅದು ಒಂದು ಮೂಲೆಯಲ್ಲಿ ಮುದುಡಿ ಕೂತು ಆಹಾರ ಮುಟ್ಟದಿರಬಹುದು. ಆದರೆ ಅದನ್ನು ಹೆದರಿಸುವುದು ವಿಸ್ತಾರವಲ್ಲ, ಬಯಲು. ಬೆಚ್ಚಗಿನ ಬದಿಯಲ್ಲೊಂದು, ತಂಪಿನ ಬದಿಯಲ್ಲೊಂದು ಅಡಗುಗೂಡು ಇಡಿ. ಅದರ ಬಾಯಿ ಹಾವಿನ ಮೈ ಹೋಗುವಷ್ಟೇ ಇರಲಿ. ಒಳಗೆ ಸುರುಳಿ ಸುತ್ತಿ ಮಲಗಿದರೆ ಬೆನ್ನಿಗೆ ಛಾವಣಿ ತಾಗುವಂತಿರಬೇಕು. ನಡುವೆ ದಪ್ಪ ಕೊಂಬೆ, ತೊಗಟೆ, ಕೃತಕ ಎಲೆಗೊಂಚಲು ಹಾಕಿದರೆ ಹಾವು ಮರೆಯಿಂದ ಮರೆಗೆ ಸರಿಯುತ್ತ ಇಡೀ ಗೂಡನ್ನು ಬಳಸುತ್ತದೆ. 6 ಅಡಿಯ ಹಾವಿಗಂತೂ ಈ ಹೆದರಿಕೆಯ ನೆಪ ಹೇಳಿ ಗೂಡನ್ನು ಕಿರಿದು ಮಾಡುವುದು ಸಲ್ಲ.

ಹಾಗಾದರೆ ಎಷ್ಟು ದೊಡ್ಡದು? ಸಾಕಣೆದಾರರಲ್ಲಿ ಒಂದು ಹಳೆಯ ಲೆಕ್ಕವಿದೆ. ಗೂಡಿನ ಉದ್ದ ಮತ್ತು ಅಗಲವನ್ನು ಕೂಡಿದರೆ ಹಾವಿನ ಉದ್ದ ಬರಬೇಕು. ಆ ಲೆಕ್ಕದಲ್ಲಿ 6 ಅಡಿಯ ಹಾವಿಗೆ 4 ಅಡಿ ಉದ್ದ, 2 ಅಡಿ ಅಗಲ ಸಾಕು. ನಿಮ್ಮ ತೊಟ್ಟಿಯೂ ಹೆಚ್ಚುಕಡಿಮೆ ಅಷ್ಟೇ ಇದೆ, ಹಾವಿನ ಸ್ಥಿತಿಯನ್ನು ನೀವೇ ನೋಡುತ್ತಿದ್ದೀರಿ. ಹಾವು ಸದಾ ಸುರುಳಿಯಲ್ಲೇ ಇರುತ್ತದೆ ಎಂಬ ನಂಬಿಕೆಯಿಂದ ಹುಟ್ಟಿದ ಲೆಕ್ಕವದು. ಜಾಗ ಕೊಟ್ಟು ನೋಡಿ, ಬೋವಾ ತಂಪಿನ ಬದಿಯ ಗೋಡೆಗುಂಟ ಮೈಯನ್ನು ಪೂರ್ತಿ ಚಾಚಿ ಗಂಟೆಗಟ್ಟಲೆ ಮಲಗುತ್ತದೆ. ಆದ್ದರಿಂದ ಗೂಡಿನ ಉದ್ದ ಹಾವಿನ ಉದ್ದಕ್ಕಿಂತ ಕಡಿಮೆಯಿರಬಾರದು ಎಂಬುದೇ ನನ್ನ ಅಳತೆಗೋಲು. ಅದೂ ಇವತ್ತಿನ ಹಾವಿನ ಉದ್ದವಲ್ಲ, ಬೆಳೆದು ನಿಂತ ಹಾವಿನ ಉದ್ದ. ನಿಮ್ಮ ಬೋವಾಗೆ 8 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರದ್ದು ಮಾಡಿಸಿದರೆ ಮತ್ತೆ ಬದಲಿಸುವ ಪ್ರಮೇಯ ಬಹುಶಃ ಬಾರದು. ಜಾಗದ ಅಡಚಣೆಯಿದ್ದರೆ ಸದ್ಯಕ್ಕೆ 6 ಅಡಿಗೆ ಇಳಿಯಬಹುದು, ಅದಕ್ಕಿಂತ ಕೆಳಗೆ ಬೇಡ.

ಅಳೆಯುವಾಗ ಹಾವನ್ನು ಹಿಡಿದು ಎಳೆಯಬೇಡಿ, ಬೆನ್ನೆಲುಬಿಗೆ ಪೆಟ್ಟಾಗುತ್ತದೆ. ಬಿಟ್ಟ ಪೊರೆಯನ್ನು ಅಳೆದು ನಂಬಲೂ ಬೇಡಿ. ಪೊರೆ ಕಳಚುವಾಗ ಹಿಗ್ಗುತ್ತದೆ, ಹಾವಿಗಿಂತ ಉದ್ದವೇ ಇರುತ್ತದೆ. ಹಾವು ಗೋಡೆಗುಂಟ ಹರಿಯುವಾಗ ಅದರ ಬೆನ್ನಿನ ಸಾಲಿಗೆ ಒಂದು ದಾರ ಹಿಡಿದು ಅಳೆದರೆ ಸಾಕು.

ಬೀರುವಿನ ಯೋಚನೆ ಕೆಟ್ಟದ್ದಲ್ಲ, ಆದರೆ ಮೊದಲು ಬೀರುವಿನ ಬಾಗಿಲು ತೆರೆದು ಮೂಸಿ ನೋಡಿ. ವರ್ಷಗಟ್ಟಲೆ ನುಸಿಗುಳಿಗೆ ಇಟ್ಟಿದ್ದ ಬೀರುವಾದರೆ ಆ ವಾಸನೆ ಹಲಗೆಗೇ ಹಿಡಿದಿರುತ್ತದೆ, ಒಳಗೆ ಶಾಖ ಕೊಟ್ಟಾಗ ಮತ್ತೆ ಆವಿಯಾಗಿ ಹೊರಬರುತ್ತದೆ. ಮುಚ್ಚಿದ ಗೂಡಿನಲ್ಲಿ ಹಗಲೂ ರಾತ್ರಿ ಅದನ್ನೇ ಉಸಿರಾಡುವ ಹಾವಿಗೆ ಅದು ವಿಷ. ಅಂಥ ಬೀರುವನ್ನು ಕೈಬಿಡಿ. ವಾಸನೆಯಿಲ್ಲದಿದ್ದರೆ ಹಿಂಬದಿಯನ್ನು ನೋಡಿ. ಬಹುತೇಕ ಬೀರುಗಳ ಹಿಂಬದಿಗೆ ತೆಳು ಹಾರ್ಡ್‌ಬೋರ್ಡ್ ಹಾಳೆಯನ್ನು ಸಣ್ಣ ಮೊಳೆಗಳಿಂದ ಬಡಿದಿರುತ್ತಾರೆ. ಬೋವಾ ಮೂಲೆಯಲ್ಲಿ ಮೂತಿ ಒತ್ತಿ ಬೆನ್ನನ್ನು ಎದುರು ಗೋಡೆಗೆ ಕೊಟ್ಟು ತಳ್ಳಿದರೆ ಆ ಮೊಳೆಗಳು ಒಂದೊಂದಾಗಿ ಸಡಿಲವಾಗುತ್ತವೆ. ಅದನ್ನು ತೆಗೆಸಿ 12 ಮಿಲಿಮೀಟರ್ ಪ್ಲೈವುಡ್ ಹಲಗೆಯನ್ನು ಸ್ಕ್ರೂ ಹಾಕಿ ಕೂರಿಸಬೇಕು. ಬೀರುವನ್ನು ನಿಲ್ಲಿಸಿಯೇ ಇಟ್ಟರೆ ಎತ್ತರ ಸಿಗುತ್ತದೆ, ನೆಲ ಸಿಗುವುದಿಲ್ಲ. ತೂಕದ ಹೆಣ್ಣು ಬೋವಾಗೆ ಬೇಕಾದದ್ದು ನೆಲ, ಜೊತೆಗೆ ಅದರ ಭಾರ ತಡೆಯುವ ಒಂದು ತಗ್ಗಿನ ಅಟ್ಟ. ಆದ್ದರಿಂದ ಪಕ್ಕಕ್ಕೆ ಮಲಗಿಸಿ, ಬಾಗಿಲು ಎದುರಿಗೆ ಬರುವಂತೆ ಮಾಡಿ. ಅಂಗಾತ ಮಲಗಿಸಿ ಮೇಲಿನಿಂದ ತೆರೆಯುವಂತೆ ಮಾಡಬೇಡಿ. ತಲೆಯ ಮೇಲಿನಿಂದ ಇಳಿಯುವ ಕೈ ಹಾವಿಗೆ ಬೇಟೆಯಾಡಲು ಬಂದ ಹದ್ದಿನ ಹಾಗೆ. ಸಾಧು ಹಾವೂ ಬೆಚ್ಚಿ ಕಚ್ಚುವುದು ಇಂಥಲ್ಲಿಯೇ. ಮಲಗಿಸಿದ ಮೇಲೂ ಬೀರುವಿನ ಅಗಲ 2 ಅಡಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಹಾಗಾಗಿ ಇದು ಒಂದೆರಡು ವರ್ಷದ ಏರ್ಪಾಡು ಎಂದುಕೊಳ್ಳಿ.

ಹೊಸದಾಗಿಯೇ ಮಾಡಿಸುವುದಾದರೆ ಮೊದಲ ಆಯ್ಕೆ ಪಿವಿಸಿ ಹಲಗೆ. ಹಗುರ, ನೀರಿಗೆ ಉಬ್ಬುವುದಿಲ್ಲ, ಶಾಖ ಹಿಡಿದಿಡುತ್ತದೆ, ಒರೆಸಿದರೆ ಶುಭ್ರ. ಆದರೆ 8 ಅಡಿ ಉದ್ದದ ಛಾವಣಿ ನಡುವೆ ಜೋಲದಂತೆ ಒಂದು ಅಡ್ಡಪಟ್ಟಿ ಬೇಕು. ಪ್ಲೈವುಡ್ ಗಟ್ಟಿ, ನಿಮ್ಮ ಅಳತೆಗೆ ಬಡಗಿಯಿಂದಲೇ ಮಾಡಿಸಬಹುದು. ಒಳಮೈಗೆಲ್ಲ ಎಪಾಕ್ಸಿ ಅಥವಾ ನೀರು ಬೆರೆಯುವ ಪಾಲಿಯುರೆಥೇನ್ ಎರಡು ಮೂರು ಕೋಟ್ ಬಳಿಸಿ, ಮೂಲೆಗಳಿಗೆ ಬೂಷ್ಟುನಿರೋಧಕ ಬೆರೆಸದ ಸಿಲಿಕಾನ್ ಹಚ್ಚಿಸಿ. ಒಣಗಿದ ಮೇಲೂ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಎರಡು ವಾರವಾದರೂ, ಬಾಗಿಲು ತೆರೆದಿಟ್ಟು ಬಿಡಿ. ಲ್ಯಾಮಿನೇಟ್ ಮೆತ್ತಿದ ಪಾರ್ಟಿಕಲ್ ಬೋರ್ಡ್ ನೋಡಲು ಚೆಂದ, ಆದರೆ ಅಂಚಿನಲ್ಲಿ ನೀರಿಳಿದರೆ ಬಿಸ್ಕತ್ತಿನ ಹಾಗೆ ಊದುತ್ತದೆ. ಗಾಜು ದೊಡ್ಡ ಹಾವಿಗೆ ಸಲ್ಲದು. ವಿಪರೀತ ಭಾರ, ಶಾಖ ನಿಲ್ಲುವುದಿಲ್ಲ, ನಾಲ್ಕೂ ಕಡೆಯಿಂದ ಹಾವು ಬಯಲಿಗೆ ಬಿದ್ದಂತೆ. ಮುಂಬಾಗಿಲಿಗೆ ಮಾತ್ರ ಟಫನ್ ಮಾಡಿದ ಗಾಜು ಹಾಕಿಸಿ.

ಬಾಗಿಲು ಎಷ್ಟು ಅಗಲ ತೆರೆಯುತ್ತದೆ ಎಂಬುದೂ ಮುಖ್ಯ. ನಿಮ್ಮ ತಲೆ ಮತ್ತು ಭುಜವನ್ನು ಒಳಗೆ ತೂರಿಸದೆ ಹಾವಿನ ಇಡೀ ಮೈಯನ್ನು ಎರಡು ಕೈಯಿಂದ ಎತ್ತಿ ತೆಗೆಯುವಂತಿರಬೇಕು.

ಶಾಖದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಸಾಕಿದ ದೊಡ್ಡ ಹಾವುಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಗಾಯ ಸುಟ್ಟ ಗಾಯ. ಹಾವು ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳುವುದಿಲ್ಲ, ಜಾಗ ಬದಲಿಸಿ ಹೊಂದಿಸಿಕೊಳ್ಳುತ್ತದೆ. ಆದ್ದರಿಂದ ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಗೂಡು ಉದ್ದವಾಗಿದ್ದರೆ ಮಾತ್ರ ಈ ಇಳಿಜಾರು ಸಾಧ್ಯ. 4 ಅಡಿಯ ತೊಟ್ಟಿಯಲ್ಲಿ 6 ಅಡಿಯ ಹಾವಿನ ತಲೆ ತಂಪಿನಲ್ಲಿದ್ದರೆ ಬಾಲ ಬಿಸಿಯಲ್ಲಿರುತ್ತದೆ. ಬಿಸಿ ಏನಿದ್ದರೂ ಮೇಲಿನಿಂದ ಬರಲಿ. ಛಾವಣಿಗೆ ಕೂರಿಸುವ ರೇಡಿಯಂಟ್ ಹೀಟ್ ಪ್ಯಾನೆಲ್ ದೊಡ್ಡ ಹಾವಿಗೆ ಒಳ್ಳೆಯದು. ಬಲ್ಬು ಅಥವಾ ಸೆರಾಮಿಕ್ ಹೀಟರ್ ಆದರೆ ಸುತ್ತ ಉಕ್ಕಿನ ಪಂಜರ ಕಡ್ಡಾಯ. ಬೋವಾ ಬಿಸಿ ಬಲ್ಬನ್ನೇ ತಬ್ಬಿ ಸುತ್ತಿಕೊಳ್ಳುತ್ತದೆ, ಹುರುಪೆ ಕರಟುತ್ತಿದ್ದರೂ ಬಿಡುವುದಿಲ್ಲ. ನೆಲಕ್ಕೆ ಹಾಸುವ ಹೀಟ್ ಮ್ಯಾಟ್ ಆದರೆ ಹಾವಿನ ತೂಕದ ಕೆಳಗೆ ಅದರ ಶಾಖ ಹೊರಹೋಗಲಾರದೆ ಏರುತ್ತಲೇ ಹೋಗುತ್ತದೆ, ಹೊಟ್ಟೆ ಸುಡುತ್ತದೆ. ಒಳಗಿಡುವ ಬಿಸಿ ಕಲ್ಲುಗಳನ್ನಂತೂ ಕೊಳ್ಳಲೇಬೇಡಿ. ಯಾವ ಸಾಧನವಾದರೂ ಶಾಖವನ್ನು ತಾನಾಗಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಓಡಬಾರದು. ಅದರ ಸೆನ್ಸರ್ ಹಾವು ಎಳೆದು ಬೀಳಿಸದಂತೆ ಗಟ್ಟಿಯಾಗಿ ಕೂತಿರಬೇಕು. ಸೆನ್ಸರ್ ನೀರಿನ ತೊಟ್ಟಿಗೆ ಬಿದ್ದರೆ ಥರ್ಮೋಸ್ಟಾಟ್ ಚಳಿಯೆಂದುಕೊಂಡು ಹೀಟರನ್ನು ಉರಿಸುತ್ತಲೇ ಇರುತ್ತದೆ.

ತೇವಾಂಶ ಶೇ 55ರಿಂದ 65 ಇರಲಿ, ಪೊರೆ ಬಿಡುವ ದಿನಗಳಲ್ಲಿ ತುಸು ಹೆಚ್ಚು. ಆದರೆ ಗಾಳಿಯಲ್ಲಿ ತೇವ ಇರಬೇಕೇ ಹೊರತು ನೆಲ ಒದ್ದೆಯಾಗಿರಬಾರದು. ಒದ್ದೆ ನೆಲದ ಮೇಲೆ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳಡಿ ಗುಳ್ಳೆಯೆದ್ದು ಕೊಳೆಯಲು ಶುರುವಾಗುತ್ತದೆ. ಗಾಳಿಕಿಂಡಿ ತಂಪಿನ ಬದಿಯಲ್ಲಿ ಕೆಳಗೆ, ಬಿಸಿ ಬದಿಯಲ್ಲಿ ಮೇಲೆ ಇದ್ದರೆ ಗಾಳಿ ತಾನಾಗಿ ಹರಿಯುತ್ತದೆ. ನೆಲಹಾಸಿಗೆ ತೆಂಗಿನ ನಾರಿನ ಚೂರು ಒಳ್ಳೆಯದು, ಮೂತಿ ಮಾಯುವವರೆಗೆ ಬರೀ ಕಾಗದ ಸಾಕು. ಪೈನ್, ಸೀಡರ್ ಮರದ ಹೊಟ್ಟು ಬೇಡ, ಅದರ ಎಣ್ಣೆಯ ಅಂಶ ಶ್ವಾಸಕೋಶಕ್ಕೆ ಕೆಟ್ಟದ್ದು. ಮೈ ಮುಳುಗುವಷ್ಟು ನೀರಿನ ತೊಟ್ಟಿ ಇಡಿ. ಹಾವು ದಿನವಿಡೀ ನೀರಲ್ಲೇ ಬಿದ್ದಿದ್ದರೆ ಅದಕ್ಕೆ ಸೆಕೆಯಾಗುತ್ತಿದೆ ಅಥವಾ ಮೈಗೆ ಮೈಟ್ ಹುಳ ಹತ್ತಿದೆ.

ಇನ್ನು ಬೀಗ. 2013ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಕ್ಯಾಂಪ್‌ಬೆಲ್ಟನ್‌ನಲ್ಲಿ ಆಫ್ರಿಕನ್ ರಾಕ್ ಹೆಬ್ಬಾವೊಂದು ತನ್ನ ಕೋಣೆಯ ಗಾಳಿಕೊಳವೆಯ ಮೂಲಕ ತಪ್ಪಿಸಿಕೊಂಡು, ಅದೇ ಮನೆಯಲ್ಲಿ ಮಲಗಿದ್ದ ಇಬ್ಬರು ಪುಟ್ಟ ಹುಡುಗರನ್ನು ಕೊಂದಿತು. ಬಾಗಿಲಿನ ಬಗ್ಗೆ ಎಚ್ಚರವಿದ್ದವರೂ ಗಾಳಿಕಿಂಡಿಯನ್ನು ಮರೆಯುತ್ತಾರೆ. ತಲೆ ತೂರಿದ ಸಂದಿನಲ್ಲಿ ಮೈಯೂ ತೂರುತ್ತದೆ ಎಂದುಕೊಂಡು ಪ್ರತಿ ಕಿಂಡಿಗೂ ರಂಧ್ರವಿರುವ ಉಕ್ಕಿನ ತಗಡನ್ನು ಸ್ಕ್ರೂ ಹಾಕಿ ಬಿಗಿಸಿ. ಬಾಗಿಲಿಗೆ ಕೀಲಿಯ ಬೀಗವಿರಲಿ, ಸರಿಯುವ ಗಾಜಾದರೆ ಎರಡು ಬೀಗ. ಕೀಲಿ ಮಕ್ಕಳ ಕೈಗೆಟಕದ ಕಡೆ ಇರಲಿ. ಗೂಡಿರುವ ಕೋಣೆಗೂ ಬೀಗ ಬೇಕು. ನಿಮ್ಮ ಮಕ್ಕಳು ಎಷ್ಟೇ ಜಾಣರಾಗಿದ್ದರೂ ಸರಿ, ಗೂಡಿನ ಬಾಗಿಲು ತೆರೆಯುವ ಕೈ ದೊಡ್ಡವರದೇ ಆಗಿರಬೇಕು.

ಹೆಬ್ಬಾವಿನ ಮಾತಿಗೆ ಬರುತ್ತೇನೆ. ಎರಡನ್ನೂ ಒಂದೇ ಗೂಡಿನಲ್ಲಿ ಇಡುವುದು ಸರ್ವಥಾ ಬೇಡ. ಹಾವುಗಳಿಗೆ ಜೊತೆ ಬೇಕಿಲ್ಲ. ಒಂದೇ ಇಲಿಯ ವಾಸನೆಗೆ ಎರಡು ಬಾಯಿ ತೆರೆದುಕೊಂಡರೆ ಒಂದು ಇನ್ನೊಂದನ್ನೇ ಸುತ್ತಿ ಹಿಂಡಬಹುದು. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಬೋವಾಗಳಲ್ಲಿ ರೆಪ್ಟರೀನಾ ಎಂಬ ವೈರಾಣು ಯಾವ ಲಕ್ಷಣವೂ ಇಲ್ಲದೆ ಬಹುಕಾಲ ಅಡಗಿರಬಲ್ಲದು. ಅದೇ ಹೆಬ್ಬಾವಿಗೆ ತಗುಲಿದರೆ ನರಮಂಡಲ ಕೆಟ್ಟು, ತಲೆಯನ್ನು ನೆಟ್ಟಗೆ ಹಿಡಿಯಲಾರದೆ, ಬೇಗನೆ ಸಾಯುತ್ತದೆ. ಇದಕ್ಕೆ ಔಷಧಿಯಿಲ್ಲ.

ಬೇರೆ ಗೂಡು ಮಾಡಿಸಿದರೆ ಸರಿಯೇ ಎಂದರೆ, ಆ ಗೂಡು ಎಂಥದ್ದಾಗಬೇಕು ಎಂದು ಒಮ್ಮೆ ಎಣಿಸಿ ನೋಡಿ. ಬರ್ಮೀಸ್ ಹೆಬ್ಬಾವಿಗೆ 9 ಅಡಿ ಎಂದರೆ ಅರ್ಧ ದಾರಿ. ಹೆಣ್ಣಾದರೆ 12ರಿಂದ 16 ಅಡಿಗೆ ಬೆಳೆಯುವುದು ಸಾಮಾನ್ಯ, ತೂಕ ಬೆಳೆದ ಮನುಷ್ಯನಷ್ಟಾಗುವುದೂ ಉಂಟು. ಅದಕ್ಕೆ ಪೆಟ್ಟಿಗೆ ಸಾಲದು, ಒಂದು ಕೋಣೆಯೇ ಬೇಕು. ನೀರಿಳಿದು ಹೋಗುವ ನೆಲ, ತೊಳೆಯಬಹುದಾದ ಗೋಡೆ, ಒಳಗೇ ನೂರಾರು ಲೀಟರಿನ ನೀರಿನ ತೊಟ್ಟಿ ಮತ್ತು ಅದನ್ನು ಖಾಲಿ ಮಾಡಲು ಕೊಳಾಯಿ, ಎರಡು ಬಾಗಿಲುಗಳ ನಡುವೆ ಒಂದು ಸಣ್ಣ ಅಂಗಳ. 8 ಅಡಿ ದಾಟಿದ ಹೆಬ್ಬಾವನ್ನು ಒಬ್ಬರೇ ಮುಟ್ಟಬಾರದು, ಒಬ್ಬರೇ ಊಟ ಹಾಕಬಾರದು. ಪಕ್ಕದಲ್ಲಿ ಬಲವುಳ್ಳ ಇನ್ನೊಬ್ಬ ವಯಸ್ಕರಿರಲೇಬೇಕು, ಹಾವು 12 ಅಡಿ ಮೀರಿದರೆ ಮೂವರು. ವಾರದ ಯಾವ ದಿನ ಕರೆದರೂ ಬರುವ ಆ ಇನ್ನೊಬ್ಬರು ನಿಮಗೆ ಇದ್ದಾರೆಯೇ? ಈ ಹಾವು 20 ವರ್ಷಕ್ಕೂ ಮೀರಿ ಬದುಕಬಲ್ಲದು. ಇವೆಲ್ಲವೂ ಹೊಂದಿದರೂ, ಸಣ್ಣ ಮಕ್ಕಳಿರುವ ಮನೆಗೆ ಈ ಹಾವನ್ನು ತರಬೇಡಿ ಎಂದೇ ನಾನು ಹೇಳುವುದು. ಅದು ಕೆಟ್ಟ ಪ್ರಾಣಿಯೆಂದಲ್ಲ. ಬಹುತೇಕ ಬರ್ಮೀಸ್ ಹೆಬ್ಬಾವುಗಳು ಶಾಂತ ಸ್ವಭಾವದವು. ಆದರೆ ಹಸಿದ ಹೊತ್ತಿನಲ್ಲಿ ಅದು ವಾಸನೆ ಮತ್ತು ಚಲನೆಗೆ ಎರಗುತ್ತದೆ, ಎದುರಿಗಿರುವವರ ಪರಿಚಯ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಗೆಳೆಯರಿಗೆ ಸಹಾಯ ಮಾಡಬೇಕೆನಿಸಿದರೆ, ದೊಡ್ಡ ಹಾವುಗಳನ್ನು ನೋಡಿಕೊಳ್ಳುವ ಪುನರ್ವಸತಿ ಕೇಂದ್ರವನ್ನೋ ಮೃಗಾಲಯವನ್ನೋ ಪರವಾನಗಿಯಿರುವ ಅನುಭವಿ ಸಾಕಣೆದಾರರನ್ನೋ ಹುಡುಕಿಕೊಡಿ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಈಗಲೇ ಶುರು ಮಾಡಲಿ. ಹಾವನ್ನು ಒಬ್ಬರಿಂದ ಒಬ್ಬರಿಗೆ ಕೊಡಲು ನೀವಿರುವಲ್ಲಿ ಏನೇನು ಕಾಗದಪತ್ರ ಬೇಕು ಎಂದು ವನ್ಯಜೀವಿ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕು. ನಿಮ್ಮ ಬೋವಾಗೂ ಆ ವಿಚಾರಣೆ ಆಗಿಲ್ಲದಿದ್ದರೆ ಜೊತೆಗೇ ಮಾಡಿಬಿಡಿ. ಯಾರೂ ಸಿಗದಿದ್ದರೆ ಕಾಡಿಗೆ ಬಿಡೋಣ ಎಂಬ ಮಾತು ಮಾತ್ರ ಬರಕೂಡದು. ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಸಾಕಿದವರಿಂದ ತಪ್ಪಿಸಿಕೊಂಡ ಮತ್ತು ಸಾಕಿದವರೇ ಬಿಟ್ಟ ಬರ್ಮೀಸ್ ಹೆಬ್ಬಾವುಗಳು ಅಲ್ಲೇ ಮರಿ ಮಾಡಿ ಹಬ್ಬಿವೆ. ಅಲ್ಲಿನ ರಕೂನ್, ಒಪೋಸಮ್, ಮೊಲಗಳು ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ. 2012ರಲ್ಲಿ ಅಮೆರಿಕ ಸರ್ಕಾರ ಈ ಹಾವಿನ ಆಮದನ್ನೇ ನಿಷೇಧಿಸಿತು.

ಒಂದು ವೇಳೆ ಹೊಸ ಮನೆ ಸಿಗುವವರೆಗೆ ಕೆಲವು ದಿನ ಹೆಬ್ಬಾವನ್ನು ಇಟ್ಟುಕೊಳ್ಳಲೇಬೇಕಾಗಿ ಬಂದರೆ ನಿಮ್ಮ ಮನೆ ಬೇಡ, ಮಕ್ಕಳಿಲ್ಲದ ಬೇರೆ ಕಟ್ಟಡ ನೋಡಿ. ಅದರ ಕೊಕ್ಕೆ, ಚಿಮುಟ, ನೀರಿನ ತೊಟ್ಟಿ ಯಾವುದೂ ಬೋವಾದ ಬಳಿ ಬರಬಾರದು. ಅದನ್ನು ಮುಟ್ಟಿ ಬಂದ ದಿನ ಬಟ್ಟೆ ಬದಲಿಸದೆ ಬೋವಾವನ್ನು ಮುಟ್ಟಬೇಡಿ.

ಬೋವಾವನ್ನು ಹೊಸ ಗೂಡಿಗೆ ಬಿಡುವ ಮುಂಚೆ ಮೂರು ದಿನ ಖಾಲಿ ಗೂಡಿನಲ್ಲೇ ಹೀಟರ್ ಓಡಿಸಿ, ಎರಡೂ ತುದಿಯ ಶಾಖವನ್ನು ಬೆಳಿಗ್ಗೆ ಮತ್ತು ರಾತ್ರಿ ಬರೆದಿಡಿ. ಬಿಟ್ಟ ದಿನ ಅದರ ತೂಕ ನೋಡಿ. ಆಮೇಲೆ ಒಂದು ವಾರ ನೀರು ಬದಲಿಸುವುದು, ಹೊಲಸು ತೆಗೆಯುವುದು ಬಿಟ್ಟು ಬೇರೇನೂ ಮಾಡಬೇಡಿ, ಎತ್ತಿ ಆಡಿಸಬೇಡಿ. ಊಟವನ್ನು ಅದೇ ಗೂಡಿನಲ್ಲೇ, ಉದ್ದ ಚಿಮುಟದಿಂದ ಕೊಡಿ. ತಿನ್ನಿಸಲು ಬೇರೆ ಡಬ್ಬಕ್ಕೆ ಹಾಕಿ, ತಿಂದ ಮೇಲೆ ಎತ್ತಿ ತರುವ ಪದ್ಧತಿಯಿಂದ ಹಾವು ತಿಂದದ್ದನ್ನು ಕಕ್ಕಬಹುದು, ಎತ್ತುವವರನ್ನು ಕಚ್ಚಲೂಬಹುದು. ಊಟವಿಲ್ಲದ ದಿನ ಬಾಗಿಲು ತೆರೆದಾಗ ಮೊದಲು ಕೊಕ್ಕೆಯಿಂದ ಮೈಯನ್ನು ಮೆಲ್ಲಗೆ ತಟ್ಟಿ, ಬಾಗಿಲು ತೆರೆದರೆಲ್ಲ ಊಟ ಬರುವುದಿಲ್ಲ ಎಂಬುದು ಕೆಲವೇ ವಾರಗಳಲ್ಲಿ ಅದಕ್ಕೆ ರೂಢಿಯಾಗುತ್ತದೆ. ಹೊಸ ಜಾಗದಲ್ಲಿ ಒಂದೆರಡು ಸಲ ಊಟ ಬಿಟ್ಟರೆ ಗಾಬರಿ ಬೇಡ. ಆರೋಗ್ಯವಾಗಿ ಬೆಳೆದ ಬೋವಾ ವಾರಗಟ್ಟಲೆ ಉಪವಾಸ ತಡೆಯುತ್ತದೆ. ಎರಡು ವಾರಕ್ಕೊಮ್ಮೆ ತೂಗುತ್ತಿರಿ. ತೂಕ ಹತ್ತನೇ ಒಂದು ಪಾಲು ಇಳಿದರೆ, ಅಥವಾ ಬಾಯಿ ತೆರೆದು ಸಿಳ್ಳೆಯಂಥ ಸದ್ದಿನಲ್ಲಿ ಉಸಿರಾಡುತ್ತಿದ್ದರೆ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಹೋಗುವಾಗ ಶಾಖ ಬರೆದಿಟ್ಟ ಹಾಳೆಯೂ ಜೊತೆಗಿರಲಿ.